ಜಗ್ಗಲಿಗಿ ಮುಂದ ಟ್ಯೂಬ್‌ಲೈಟ್ ಆದ ಜಾಕೆಟ್ಟು

ಧಾರವಾಡದಾಗ ಅಕ್ಕನ ಮಗಳ ಶಾಲೆಯ ಗ್ಯಾದರಿಂಗ್. ಹೋಳಿ ಡ್ಯಾನ್ಸಿಗೆ ಎಂಟು ಕರಿ ಜಾಕೆಟ್, ಒಂದೊಂದಕ್ಕೂ 30 ಎಲ್‌ಇಡಿಯ ಪಟ್ಟಿ, ಒಂದು ಪುಟ್ಟ ಮೈಕು. "ಮಾಮಾ, ಜಗ್ಗಲಿಗಿ ಬಾರಿಸಿದ್ರ ಹತ್ಬೇಕು, ಬಿಟ್ರ ಆರ್ಬೇಕು, ಅಷ್ಟ" ಅಂದಿದ್ದಳು. ಅಷ್ಟ ಅಂತ!

ಮನೆಯಲ್ಲಿ ಭರ್ಜರಿ ಕೆಲಸ ಮಾಡಿದವು. ಚಪ್ಪಾಳೆಗೆ ಹತ್ತಿದವು. ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದರೆ ಆ ತಾಳಕ್ಕೂ ಕುಣಿದವು. ನಾನು ಉಬ್ಬಿಹೋದೆ.

ಪ್ರಾಕ್ಟೀಸಿಗೆ ಬ್ಯಾಹಟ್ಟಿ ಕಡೆಯಿಂದ ಮೇಳ ಬಂತು. ನೋಡದವರಿಗೆ ಹೇಳುತ್ತೇನೆ, ಜಗ್ಗಲಿಗೆ ಅಂದರೆ ಕೊರಳಿಗೆ ಹಾಕಿಕೊಳ್ಳುವ ಹಲಗಿಯಲ್ಲ. ಎತ್ತಿನ ಗಾಡಿಯ ಗಾಲಿಗೆ ಎಮ್ಮೆ ಚರ್ಮ ಬಿಗಿದದ್ದು, ಉರುಳಿಸಿಕೊಂಡೇ ಒಯ್ಯಬೇಕು. ಮೇಳ ನಡೆಸುವವರ ಕೈಯಲ್ಲಿ ಮಣ್ಣಿನ ಸಣ್ಣ ಕಣಿಹಲಿಗೆ. ಮೊದಲ ಪೆಟ್ಟು ಬಿದ್ದಿತು, ಎಂಟೂ ಜಾಕೆಟ್ ಬೆಳ್ಳಗೆ ಹತ್ತಿದವು. ಹತ್ತಿದ್ದು ಹತ್ತಿದ್ದೇ. ಮೇಳದ ಹಿರಿಯರು ಕೋಲು ನಿಲ್ಲಿಸಿ, "ಇವು ನಮ್ಮ ಬಾರಿಕಿ ಕೇಳವಲ್ವಲ್ರೀ ಸರ್ರ, ಸುಮ್ನ ಟ್ಯೂಬ್‌ಲೈಟ್ ಆಗ್ಯಾವ" ಅಂದರು.

ನಿಜ. ನಾನು ಹಾಕಿದ್ದು ಮ್ಯಾಕ್ಸ್ 4466 ಮೈಕು. ಸದ್ದಿಲ್ಲದಾಗ ಆರ್ಡುಯಿನೋ (ಲೈಟು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು) ಓದುವ ಅಂಕಿ 512ರ ಆಸುಪಾಸು ನಿಂತಿರುತ್ತದೆ, ಸದ್ದಾದರೆ ಅದರ ಎರಡೂ ಕಡೆ ತೂಗುತ್ತದೆ. ಆದರೆ 0ಯಿಂದ ಕೆಳಗೆ, 1023ರಿಂದ ಮೇಲೆ ದಾರಿಯಿಲ್ಲ. ರೊಟ್ಟಿಯ ಸದ್ದಿಗೆ ಹದ ಮಾಡಿದ್ದ ಮೈಕಿಗೆ ಜಗ್ಗಲಿಗೆಯ ಪೆಟ್ಟಷ್ಟೇ ಅಲ್ಲ, ಪೆಟ್ಟಿನ ಹಿಂದಿನ ಗುಂಯ್ ಅನ್ನುವುದೂ ಗಡಿ ಮುಟ್ಟುತ್ತಿತ್ತು. ಮೈಕಿನ ಬೆನ್ನಿಗೆ ಅಕ್ಕಿಕಾಳಿನಷ್ಟು ಒಂದು ತಿರುಪು ಇರುತ್ತದೆ, ಸದ್ದನ್ನು 25 ಪಟ್ಟಿನಿಂದ 125 ಪಟ್ಟಿನವರೆಗೆ ಹಿಗ್ಗಿಸುವುದು ಅದೇ. ಕನ್ನಡಕ ರಿಪೇರಿಯ ಸ್ಕ್ರೂಡ್ರೈವರ್ ಹಿಡಿದು, ಮೈದಾನದಲ್ಲೇ ಕೂತು, ಎಂಟನ್ನೂ ಇಳಿಸಿದೆ. ಲೈಟು ಕಟ್ಟುವ ನಮ್ಮ ಹುಡುಗರು ಮಾಡುವುದು ಇದರ ಉಲ್ಟಾ. ಗಣಪತಿ ಟ್ರ್ಯಾಕ್ಟರಿನ ಮೇಲಿನ 'ಮ್ಯೂಸಿಕ್ ಮೋಡ್' ಪಟ್ಟಿಗಳನ್ನು ನೋಡಿ, ಸೆನ್ಸಿಟಿವಿಟಿ ಪೂರ್ತಿ ಏರಿಸಿಟ್ಟಿರುತ್ತಾರೆ. ಬೆಳಕಿಗೆ ಆರಲು ಬಿಡುವೇ ಇಲ್ಲದಿದ್ದರೆ ಅದು ತಾಳ ಹಾಕುವುದಾದರೂ ಯಾವಾಗ?

ಆದರೂ ಪೂರ್ತಿ ಸರಿಹೋಗಲಿಲ್ಲ. ಹತ್ತಿದ ಬೆಳಕು ನಿಧಾನ ಇಳಿಯಲಿ, ಚೆಂದ ಕಾಣುತ್ತದೆ ಅಂತ ಅರ್ಧ ಸೆಕೆಂಡು ಕೊಟ್ಟಿದ್ದೆ. ಬಾರಿಕಿ ಜೋರಾದಾಗ ಸೆಕೆಂಡಿಗೆ ನಾಲ್ಕು ಪೆಟ್ಟು, ಅಂದರೆ ನಡುವೆ 250 ಮಿಲಿಸೆಕೆಂಡು. ಇಳಿಯುವ ಮೊದಲೇ ಮುಂದಿನ ಪೆಟ್ಟು! ಇಳಿಯುವ ಹೊತ್ತನ್ನು 120 ಮಿಲಿಸೆಕೆಂಡಿಗೆ ತಂದೆ. ಆಗ ಮಾತ್ರ ಕತ್ತಲೂ ತಾಳಕ್ಕೆ ಬಂತು. ಇನ್ನು ಸೊಂಟದ ಹತ್ತಿರ ಹೊಲಿದಿದ್ದ ಮೈಕು ಕಾಲಿನ ಗೆಜ್ಜೆ ಕೇಳುತ್ತಿತ್ತು, ಬಟ್ಟೆಯ ಸರಬರವನ್ನೂ ಕೇಳುತ್ತಿತ್ತು. ಬಿಚ್ಚಿ ಹೆಗಲಿಗೆ ತಂದೆ.

ಟೀಚರ್ ಜೊತೆ ಮಾತ್ರ ಸಣ್ಣ ಜಗಳ. "ಎಲ್ಲಾ ಮಕ್ಕಳದ್ದೂ ಒಂದ ಥರಾ ಹತ್ತಬೇಕ್ರಿ ಸರ್" ಅಂತ ಅವರು. ಡೋಲಿಗೆ ಹತ್ತಿರ ಇದ್ದವರದು ಹೆಚ್ಚು, ದೂರ ಇದ್ದವರದು ಕಡಿಮೆ ಹತ್ತುತ್ತಿತ್ತು. ತಾನೇ ಹೊಂದಿಸಿಕೊಳ್ಳುವ ಮೈಕು ಸಿಗುತ್ತದೆ, ಮ್ಯಾಕ್ಸ್ 9814 ಅಂತ. ನನಗೆ ಬೇಡ. ಸದ್ದು ತಗ್ಗಿದರೆ ತಾನೇ ಕಿವಿ ಏರಿಸಿಕೊಳ್ಳುತ್ತದೆ, ಮೇಳ ನಿಂತಾಗ ಯಾರೋ ಕೆಮ್ಮಿದರೂ ಜಾಕೆಟ್ ಹತ್ತುತ್ತದೆ. ಮಗು ಗಾಲಿಯ ಹತ್ತಿರ ಬಂದಂತೆ ಉರಿದು, ದೂರ ಸರಿದಂತೆ ಮಂಕಾಗುವುದು ನನ್ನ ಕಣ್ಣಿಗೆ ತಪ್ಪೇ ಅಲ್ಲ. ರೆಕಾರ್ಡಿಗೆ ಮೊದಲೇ ಪ್ರೋಗ್ರಾಮ್ ಮಾಡಿದ ಲೈಟಿನಲ್ಲಿ ಇದು ಬಂದೀತೆ? ಕೊನೆಗೆ ಟೀಚರ್ ಒಪ್ಪಿದರು, ಅಥವಾ ಸಾಕಾಗಿ ಸುಮ್ಮನಾದರು.

ಕರೆಂಟಿನ ಲೆಕ್ಕ: ಡಬ್ಲ್ಯೂಎಸ್ 2812ಬಿ ಎಲ್‌ಇಡಿ ಒಂದು ಪೂರ್ತಿ ಬೆಳ್ಳಗೆ ಉರಿದರೆ ಸುಮಾರು 60 ಮಿಲಿಆಂಪ್, 30ಕ್ಕೆ 1.8 ಆಂಪ್. ಪವರ್ ಬ್ಯಾಂಕಿನ 2 ಆಂಪ್‌ಗೆ ತೀರ ಹತ್ತಿರ. ಬಿಳಿ ಬಿಟ್ಟು ಕೆಂಪು-ಹಳದಿಗೆ ಬಂದೆ, ಬ್ರೈಟ್‌ನೆಸ್ ಅರ್ಧಕ್ಕಿಳಿಸಿದೆ.

ಇಷ್ಟಾದ ಮೇಲೆ ಹೊಸ ತಲೆನೋವು. ನಡುವೆ ಮೇಳ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಮಕ್ಕಳು ಕಾಮಣ್ಣನ ಸುತ್ತ ಕೂರುತ್ತಾರೆ. ಮತ್ತೆ ಬಾರಿಸಿದರೆ ಮೂರು ಜಾಕೆಟ್ ಏಳಲೇ ಇಲ್ಲ. ಎಳೆಯುವ ಕರೆಂಟು ತೀರ ಕಡಿಮೆಯಾದರೆ ಕೆಲವು ಪವರ್ ಬ್ಯಾಂಕು ಫೋನ್ ತೆಗೆದರು ಅಂದುಕೊಂಡು ತಾವೇ ಆಫ್ ಆಗುತ್ತವೆ. ಕತ್ತಲೆಗೆ ಅಷ್ಟು ಒದ್ದಾಡಿದ ನನಗೆ ಕತ್ತಲೆಯೇ ಕೈಕೊಟ್ಟಿತು! ಎಲ್ಲ ಎಲ್‌ಇಡಿಯನ್ನೂ ಸದಾ ಮಸುಕು ಕೆಂಪಾಗಿ ಉಳಿಸಿದೆ. ಗ್ಯಾದರಿಂಗ್ ದಿನ ಸ್ಟೇಜಿನ ಲೈಟ್ ಆರಿಸಿದಾಗ ಎಂಟು ಮಕ್ಕಳು ಕಾಮಣ್ಣನ ಬೂದಿಯೊಳಗಿನ ಕೆಂಡದ ಹಾಗೆ ಕೂತಿದ್ದರು. ಅಕ್ಕ ಇದನ್ನು ನಾನು ಬೇಕಂತಲೇ ಮಾಡಿದ್ದು ಅಂದುಕೊಂಡಿದ್ದಾಳೆ, ನಾನೂ ತಿದ್ದಲಿಲ್ಲ.

ಮುಗಿದ ಮೇಲೆ ಆ ಹಿರಿಯರು ಬಂದು, "ನಮ್ಮ ಜಗ್ಗಲಿಗಿಗೂ ಇಂಥಾದ್ದು ಹಚ್ಚಾಕ ಬರ್ತೈತೇನ್ರಿ?" ಅಂದರು. ಮೈಕು ಬೇಡ ಕಾಕಾರ, ಕಂಪನ ಹಿಡಿಯುವ ಪೀಜೋ ಬಿಲ್ಲೆ ಸಿಗುತ್ತದೆ, ಚರ್ಮಕ್ಕೆ ಅಂಟಿಸಿದರಾಯಿತು ಅಂದೆ. ಮುಖ ಬಿಗಿಯಿತು. "ಚರ್ಮಕ್ಕ ಏನೂ ಅಂಟಸಂಗಿಲ್ರಿ." ಹಾಗಾದರೆ ಗಾಲಿಯ ಕಟ್ಟಿಗೆಗೆ? ಸ್ವಲ್ಪ ಹೊತ್ತು ಗಾಲಿ ಸವರುತ್ತ ನಿಂತು, "ಹೋಳಿಗಿಂತ ಮೊದ್ಲ ಒಮ್ಮೆ ಊರಿಗೆ ಬರ್ರಿ, ನೋಡೂಣು" ಅಂದರು.