ಲೊಕೇಶನ್ ಕಳಿಸ್ರಿ ಅಂಕಲ್

ಬೆಳಿಗ್ಗೆ ಹನ್ನೊಂದಕ್ಕೆ ಫೋನು. "ಅಂಕಲ್, ಪಾರ್ಸೆಲ್ ಐತ್ರಿ, ಲೊಕೇಶನ್ ಕಳಿಸ್ರಿ."

"ಅಡ್ರೆಸ್ ಇಲ್ವೇನಪ್ಪಾ ಅದರ ಮೇಲೆ?"

"ಐತ್ರಿ. ಆದ್ರೂ ಕಳಿಸ್ರಿ."

ಮನೆ ನಂಬರು, ಕ್ರಾಸು, ಮೇನು, ವಿನೋಬನಗರ, ದಾವಣಗೆರೆ, ಪಿನ್ ಕೋಡು. ಇಷ್ಟೂ ಡಬ್ಬಿಯ ಮೇಲೆ ಅಚ್ಚಾಗಿ ಕೂತಿದೆ. ಓದೋಕೆ ಅವನಿಗೆ ಪುರಸೊತ್ತಿಲ್ಲ. ನನಗೆ ಲೊಕೇಶನ್ ಕಳಿಸೋಕೆ ಬರೋದಿಲ್ಲ. ಬಂದಿದ್ದರೂ ಕಳಿಸುತ್ತಿರಲಿಲ್ಲ. ಮೂವತ್ನಾಲ್ಕು ವರ್ಷ ಅಂಚೆ ಹಂಚಿದವನು ನಾನು. ನಿಮ್ಮ ಮನೆ ಎಲ್ಲಿದೆ ಅಂತ ಮನೆಯವರನ್ನೇ ಕೇಳಿದ ಪೋಸ್ಟ್‌ಮ್ಯಾನನ್ನು ನೀವು ನೋಡಿದ್ದೀರಾ?

ಹಾಗಂತ ಜನ ವಿಳಾಸವನ್ನು ಚೆನ್ನಾಗಿ ಬರೆಯುತ್ತಿದ್ದರು ಅಂತೇನಲ್ಲ. 'ಬೇವಿನ ಮರದ ಎದುರು' ಅಂತ ಇರುತ್ತಿತ್ತು. ಮರ ರಸ್ತೆ ಅಗಲ ಮಾಡುವಾಗಲೇ ಹೋಗಿರುತ್ತಿತ್ತು. ಪಿನ್ ಕೋಡ್ ಬರೆಯಿರಿ ಅಂತ 1972ರ ಆಗಸ್ಟ್ 15ರಿಂದ ಹೇಳುತ್ತಲೇ ಇದ್ದೇವೆ, ಆರು ಅಂಕಿ ಬರೆಯೋಕೆ ಕೈ ನೋವು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಯಿತು. ಆಮೇಲೂ ಎಷ್ಟೋ ವರ್ಷ 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಅಂತಲೇ ಕಾಗದ ಬರುತ್ತಿದ್ದವು. ನಮಗೇನೂ ತೊಂದರೆ ಆಗಲಿಲ್ಲ. ನಮ್ಮೂರ ಪಿನ್ನೂ 577ರಿಂದ ಶುರು, ದುರ್ಗದ್ದೂ 577ರಿಂದ ಶುರು. ಶಿವಮೊಗ್ಗ, ಚಿಕ್ಕಮಗಳೂರು ಪಟ್ಟಣಗಳದ್ದೂ ಅದೇ. ಸರ್ಕಾರ ಜಿಲ್ಲೆ ಒಡೆಯಿತು, ಪಿನ್ ಕೋಡು ಮನೆ ಪಾಲು ಮಾಡಿಕೊಳ್ಳಲಿಲ್ಲ.

ಈ ವಿಳಾಸದ ವಿಷಯದಲ್ಲಿ ನಾನೊಂದು ದೊಡ್ಡ ಮಾತು ಕಂಡುಕೊಂಡಿದ್ದೇನೆ. ಹೇಳುತ್ತೇನೆ. ಅದಕ್ಕೆ ಮುಂಚೆ ತಿಪ್ಪೇಸ್ವಾಮಿಯ ವಿಷಯ ಹೇಳಬೇಕು.

ದಾವಣಗೆರೆಗೆ ಬರುವ ಮುಂಚೆ ನಾನು ಚಳ್ಳಕೆರೆ ಸೀಮೆಯ ಹಳ್ಳಿಗಳಲ್ಲಿ ಸೈಕಲ್ ತುಳಿಯುತ್ತಿದ್ದೆ. ಈಗ ಗ್ರಾಮೀಣ ಡಾಕ್ ಸೇವಕ ಅಂತಾರಲ್ಲ, ಆಗ ನಮಗೆ ಇ.ಡಿ., ಅಂದರೆ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಅನ್ನುತ್ತಿದ್ದರು. ಈಗ ಯಾರಿಗಾದರೂ 'ನಾನು ಇ.ಡಿ.ಯಲ್ಲಿದ್ದೆ' ಅಂದರೆ ಎದ್ದು ನಿಂತು ಕುರ್ಚಿ ಕೊಡುತ್ತಾರೆ. ಆಗ ಕಲ್ಲುಕಟ್ಟೆಯೂ ಸಿಗುತ್ತಿರಲಿಲ್ಲ. ಆ ಕಡೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಮೇಲೆ ಭಕ್ತಿ ಜಾಸ್ತಿ. ಹರಕೆ ಹೊತ್ತು ಹುಟ್ಟಿದವನು ತಿಪ್ಪೇಸ್ವಾಮಿ. ಹರಕೆ ಇಲ್ಲದೆ ಹುಟ್ಟಿದವನೂ ತಿಪ್ಪೇಸ್ವಾಮಿ. ಹೆಣ್ಣಾದರೆ ತಿಪ್ಪಮ್ಮ. ನನ್ನ ಒಂದು ಹಳ್ಳಿಯಲ್ಲೇ ಹನ್ನೊಂದು ತಿಪ್ಪೇಸ್ವಾಮಿಗಳಿದ್ದರು. ಅದರಲ್ಲಿ ಟಿ. ಇನಿಶಿಯಲ್ಲಿನವರು ನಾಲ್ವರು, ನಾಲ್ವರೂ ವಯಸ್ಸಾದವರು. ಮಿಲ್ಟ್ರಿ ತಿಪ್ಪೇಸ್ವಾಮಿ, ಹೋಟ್ಲು ತಿಪ್ಪೇಸ್ವಾಮಿ, ಶೇಂಗಾ ತಿಪ್ಪೇಸ್ವಾಮಿ, ಮೂರು ಸಲ ಕೊರೆಸಿದರೂ ಒಂದು ಹನಿ ನೀರು ಕಾಣದ ಬೋರ್‌ವೆಲ್ ತಿಪ್ಪೇಸ್ವಾಮಿ.

ಒಂದು ದಿನ ಮುನ್ನೂರು ರೂಪಾಯಿ ಮನಿ ಆರ್ಡರ್ ಬಂತು. ಟಿ. ತಿಪ್ಪೇಸ್ವಾಮಿಗೆ. ಕಳಿಸಿದವರು ಯಾರು ನೋಡೋಣ ಅಂದರೆ ತಿಪ್ಪೇಸ್ವಾಮಿ, ಪೀಣ್ಯ, ಬೆಂಗಳೂರು. ಮೊಮ್ಮಗನಿಗೆ ತಾತನ ಹೆಸರು, ಸರಿ. ಆದರೆ ಯಾವ ತಾತ? ಫಾರಂನ ಕೆಳಗೆ ಒಂದು ಚೂರು ಜಾಗ ಇರುತ್ತಿತ್ತು, ಸಮಾಚಾರ ಬರೆಯೋಕೆ. ಅಲ್ಲಿ ಬರೆದಿದ್ದ: 'ಎಮ್ಮೆ ಮಾರಬ್ಯಾಡ. ಯುಗಾದಿಗೆ ಬರ್ತೀನಿ.'

ಮೊದಲು ಮಿಲ್ಟ್ರಿಯವರ ಮನೆಗೆ ಹೋದೆ. "ನನ್ನ ಮೊಮ್ಮಗ ಇನ್ನೂ ಮೂರನೇ ಕ್ಲಾಸು. ಆದ್ರೂ ಕೊಟ್ರೆ ಬ್ಯಾಡ ಅನ್ನಲ್ಲ" ಅಂದರು. ಬೋರ್‌ವೆಲ್ ತಿಪ್ಪೇಸ್ವಾಮಿಗೆ ಎಮ್ಮೆಯೇ ಇರಲಿಲ್ಲ. "ದುಡ್ಡು ಕೊಡು, ಎಮ್ಮೆ ತರ್ತೀನಿ" ಅಂದ. ಹೋಟ್ಲು ತಿಪ್ಪೇಸ್ವಾಮಿಗೆ ಎಮ್ಮೆ ಇತ್ತು, ಮಾರುವ ಯೋಚನೆ ಇರಲಿಲ್ಲ. ಚಾ ಸೋಸುತ್ತಾ, "ಮಾರೋನಿದ್ದೆ ಅಂತ ಬರ್ಕೊಳ್ಳಪ್ಪ, ಅದಕ್ಕೇನೀಗ" ಅಂದ. ಕೊನೆಗೆ ಶೇಂಗಾ ತಿಪ್ಪೇಸ್ವಾಮಿಯ ಮನೆ. ಮುದುಕಿ ಒಬ್ಬಳೇ ಜಗಲಿ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು.

"ಅಜ್ಜ ಎಲ್ಲಿ?"

"ಸಂತೆಗೆ ಹೋದ. ಈಗ್ಲೇ, ನೀನು ಬರೋ ಹೊತ್ತಿಗೆ ಊರು ದಾಟಿರ್ಬೇಕು."

"ಏನು ತರೋಕೆ?"

"ತರೋಕಲ್ಲಪ್ಪ. ಎಮ್ಮೆ ಹೊಡ್ಕೊಂಡು ಹೋಗ್ಯಾನೆ."

ಸೈಕಲ್ ಹತ್ತಿ ಹೋದೆ. ಆದರೆ ಸಂತೆಗೆ ಎರಡು ದಾರಿ, ಅಜ್ಜ ಹಿಡಿದದ್ದು ಇನ್ನೊಂದು. ವಾಪಸ್ ಬಂದು ಅದೇ ಜಗಲಿ ಮೇಲೆ ಸಾಯಂಕಾಲದವರೆಗೂ ಕಾದೆ. ಅಜ್ಜ ಬಂದ. ಕೈಯಲ್ಲಿ ಬರೀ ಹಗ್ಗ. ದುಡ್ಡು ಎಣಿಸಿ ಕೊಟ್ಟೆ, ಸಮಾಚಾರ ಓದಿದೆ. "ಇನ್ನೊಂದು ಸಲ ಓದು" ಅಂದ. ಓದಿದೆ. ಅಜ್ಜ ಏನೂ ಅನ್ನಲಿಲ್ಲ. ಹಗ್ಗವನ್ನು ಗೂಟಕ್ಕೆ ಸುತ್ತಿಟ್ಟು, ಹೆಬ್ಬೆಟ್ಟನ್ನು ಪಂಚೆಗೆ ಒರೆಸಿಕೊಂಡು ಮುಂದೆ ಚಾಚಿದ. ಹೆಬ್ಬೆಟ್ಟಿಗೆ ಸಾಕ್ಷಿ ಬೇಕಲ್ಲ, ಹೋಟ್ಲು ತಿಪ್ಪೇಸ್ವಾಮಿಯನ್ನು ಕರೆದು ಸೈನ್ ಹಾಕಿಸಿದೆ.

ಮೊದಲು ಮಿಲ್ಟ್ರಿಯವರ ಮನೆಗೇ ಯಾಕೆ ಹೋದೆ ಅಂತ ನೀವು ಕೇಳಬಹುದು. ಅಲ್ಲಿ ಕಾಫಿ ಕೊಡುತ್ತಿದ್ದರು.

ಮುಂದಿನ ತಿಂಗಳು ಓವರ್‌ಸೀಯರ್ ತನಿಖೆಗೆ ಬಂದರು. ಕಳಿಸಿದವನು ತಿಪ್ಪೇಸ್ವಾಮಿ, ತಗೊಂಡವನು ತಿಪ್ಪೇಸ್ವಾಮಿ, ಸಾಕ್ಷಿ ತಿಪ್ಪೇಸ್ವಾಮಿ. ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ಏನಯ್ಯಾ, ಎಲ್ಲಾ ನೀನೇ ಬರ್ಕೊಂಡಿದ್ದೀಯಾ?" ಊರೊಳಗೆ ಕರೆದುಕೊಂಡು ಹೋಗಿ ಹನ್ನೊಂದು ಜನರನ್ನೂ ತೋರಿಸಬೇಕಾಯಿತು. ಆರನೆಯವನ ಹೊತ್ತಿಗೆ ಅವರಿಗೆ ಸಾಕಾಗಿತ್ತು. ನಾನು ಬಿಡಲಿಲ್ಲ.

ಇದನ್ನೆಲ್ಲ ಈಗ ಯಾರಿಗೆ ಹೇಳೋದು? 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದರಲ್ಲ, ಆಗ ನಮ್ಮ ಬೀಗರು ಫೋನ್ ಮಾಡಿ, "ಪೋಸ್ಟಾಫೀಸು ಮುಚ್ಚಿಬಿಟ್ರಂತೆ ಪಾಪ" ಅಂತ ಸಾವಿನ ಮನೆಯ ದನಿಯಲ್ಲಿ ಮಾತಾಡಿದರು. ಮುಚ್ಚಿಲ್ಲ ಸ್ವಾಮಿ, ಸೇರಿಸಿದ್ದಾರೆ ಅಂದೆ. ಅವರಿಗೆ ಅದು ಬೇಕಿರಲಿಲ್ಲ. ಈ ಬೀಗರು ಇಪ್ಪತ್ತು ವರ್ಷದಲ್ಲಿ ಒಂದು ಕಾರ್ಡ್ ಬರೆದವರಲ್ಲ. ಮಗಳ ಮದುವೆ ಕರೆಯೋಲೆಯನ್ನೂ ವಾಟ್ಸಾಪಿನಲ್ಲೇ ಕಳಿಸಿದವರು. ಇನ್ನು ಪೆನ್ನಿನ ವಿಷಯ. ಸೈನ್ ಮಾಡಲು ಕೊಟ್ಟ ಪೆನ್ನನ್ನು ವಾಪಸ್ ಕೊಡುವವರು ನೂರಕ್ಕೆ ನಾಲ್ಕು ಜನ. ಮಾತಾಡುತ್ತಾ ಮಾತಾಡುತ್ತಾ ತಮ್ಮ ಜೇಬಿಗೇ ಸಿಕ್ಕಿಸಿಕೊಳ್ಳುತ್ತಾರೆ. ಕೇಳಿದರೆ ನಮ್ಮನ್ನೇ ಜಿಪುಣ ಅಂತಾರೆ. ವಿದ್ಯಾವಂತರ ಬಡಾವಣೆಗಳಲ್ಲೇ ಜಾಸ್ತಿ ಹೋಗಿವೆ, ಹೆಸರು ಹೇಳೋದಿಲ್ಲ.

ವಿಳಾಸದ ಬಗ್ಗೆ ಆ ದೊಡ್ಡ ಮಾತು ಏನೋ ಇತ್ತು. ಅಷ್ಟರಲ್ಲಿ ಗೇಟು ಸದ್ದಾಯಿತು.

ಹುಡುಗ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಎರಡು ಕ್ರಾಸು ಆಚೆ ಹುಡುಕಾಡಿ ಬಂದನಂತೆ. "ಬೋರ್ಡ್ ಹಾಕಿಸ್ರಿ ಅಂಕಲ್" ಅಂತ ನನಗೇ ಬುದ್ಧಿ ಹೇಳಿದ. ಬೋರ್ಡು ಅವನ ತಲೆಯ ಮೇಲೇ ಇತ್ತು. ಒಳಗಿನಿಂದ ಸೊಸೆ ಓಟಿಪಿ ಕೂಗಿ ಹೇಳಿದಳು. ಅವನು ಮೊಬೈಲಿನಲ್ಲಿ ಒತ್ತಿಕೊಂಡು, ಡಬ್ಬಿ ನನ್ನ ಕೈಗಿಟ್ಟು, ತಿರುಗಿ ಹೊರಟ.

"ಸೈನು ಎಲ್ಲಿ ಹಾಕ್ಲಪ್ಪ?"

"ಏನೂ ಬ್ಯಾಡ್ರಿ" ಅಂದವನೇ ಗಾಡಿ ಸ್ಟಾರ್ಟ್ ಮಾಡಿದ. ಪೆನ್ನು ಆಗಲೇ ನನ್ನ ಜೇಬಿನಿಂದ ಹೊರಗೆ ಬಂದಿತ್ತು, ಕ್ಯಾಪೂ ತೆಗೆದಾಗಿತ್ತು.