ಹನ್ನೊಂದೂವರೆಯ ದೋಸೆ

ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ, ಮೂರು ಗಂಟೆಯ ದಾರಿ ಇನ್ನು ಒಂದೂವರೆ ಗಂಟೆ ಎಂದರು. ಉಳಿದ ಒಂದೂವರೆ ಗಂಟೆ ಎಲ್ಲಿ ಹೋಯಿತೆಂದು ನೋಡಬೇಕಿದ್ದರೆ ಭಾನುವಾರ ಹನ್ನೊಂದರ ಹೊತ್ತಿಗೆ ಮೈಸೂರಿನ ನಜರ್‌ಬಾದಿಗೆ ಬನ್ನಿ. ದೋಸೆ ಹೋಟೆಲುಗಳ ಮುಂದೆ, ಕಪ್ಪು ಕನ್ನಡಕ ಹಾಕಿಕೊಂಡು, ಚರಂಡಿ ಚಪ್ಪಡಿಯ ಮೇಲೆ ಸಾಲಾಗಿ ನಿಂತಿದೆ.

ತಿಂಡಿ, ಊಟ ಎರಡನ್ನೂ ಸೇರಿಸಿ ನಡುಹೊತ್ತಿಗೆ ತಿನ್ನುವ ಇದಕ್ಕೆ ಬ್ರಂಚ್ ಎಂದು ಹೆಸರು. 1895ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡ ಪದ. ಶನಿವಾರ ರಾತ್ರಿ ಮಜಾ ಮಾಡಿದವರಿಗೆ ಭಾನುವಾರ ಬೇಗ ಏಳುವ ಶಿಕ್ಷೆ ತಪ್ಪಲಿ ಎಂಬುದು ಅದರ ಸದುದ್ದೇಶ. ನಮ್ಮವರು ಅದಕ್ಕಾಗಿಯೇ ಆರಕ್ಕೆ ಎದ್ದು, ಎರಡು ಕಡೆ ಟೋಲ್ ಕಟ್ಟಿ, ಕ್ಯಾಮೆರಾ ಕಂಡಲ್ಲಿ ಮಾತ್ರ ನೂರಕ್ಕೆ ಇಳಿದು, ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ನಡುವೆ ಎಲ್ಲಾದರೂ ಎರಡು ಇಡ್ಲಿ ತಿನ್ನೋಣವೆಂದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ಬೈಪಾಸಿನ ಆಚೆ.

ತೊಂದರೆ ಏನೆಂದರೆ, ಗಲ್ಲಿಯ ಹೋಟೆಲಿನ ಗಡಿಯಾರದಲ್ಲಿ ತಿಂಡಿ ಇದೆ, ಊಟ ಇದೆ. ನಡುವಿನ ಹೊತ್ತು ಪಾತ್ರೆ ತೊಳೆಯುವುದಕ್ಕೆ. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದು, ಹಿಡಿ ಅವಲಕ್ಕಿ, ಒಂದಿಷ್ಟು ಮೆಂತ್ಯ. ರಾತ್ರಿ ರುಬ್ಬಿಟ್ಟ ಹಿಟ್ಟು ಎಂಟು–ಹತ್ತು ಗಂಟೆ ಉಬ್ಬಿ ಬೆಳಗಿನ ಏಳಕ್ಕೆ ಹದಕ್ಕೆ ಬರುತ್ತದೆ. ಒಲೆಯ ಕಾವಿನಲ್ಲಿ ಹನ್ನೊಂದರ ತನಕ ಕೂತರೆ ಹುಳಿ ಏರುತ್ತದೆ, ಹಿಟ್ಟಿನ ಸಿಹಿ ಕಳೆದು ದೋಸೆ ಕೆಂಪಗಾಗುವುದೇ ಇಲ್ಲ. ಭಟ್ಟರು ಚಿಟಿಕೆ ಸಕ್ಕರೆ ಹಾಕಿ ಮಾನ ಉಳಿಸಿಕೊಳ್ಳುತ್ತಾರೆ. ಹೊರಗಿನ ಸಾಲು ನೋಡಿ ಅವಸರಕ್ಕೆ ಬೆಂಕಿ ಜೋರು ಮಾಡಿದರೋ, ಕಲ್ಲು ಕಾದು ಹಿಟ್ಟು ಹರಡದೆ ಸೌಟಿಗೇ ಅಂಟಿಕೊಂಡು ಎದ್ದು ಬರುತ್ತದೆ. ಆಮೇಲೆ ನೀರು ಚಿಮುಕಿಸು, ಪೊರಕೆಯಲ್ಲಿ ಗುಡಿಸು, ಮತ್ತೆ ಹುಯ್ಯಿ.

ಲೆಕ್ಕ ಮಾಡಿ ನೋಡಿ. ಕಲ್ಲಿನ ಮೇಲೆ ಒಬ್ಬೆಗೆ ಹತ್ತು ದೋಸೆ, ನಾಲ್ಕು ನಿಮಿಷ. ಎಂಟು ಮೇಜು, ಮೂವತ್ತೆರಡು ತಲೆ, ತಲೆಗೆ ಎರಡು. ಏಳು ಒಬ್ಬೆಗೆ, ಅಂದರೆ ಅರ್ಧ ಗಂಟೆಯೊಳಗೆ, ಎಲ್ಲರೂ ತಿಂದು ಕೈ ತೊಳೆಯಬಹುದು. ಆದರೆ ದೋಸೆ ಮೊದಲು ಫೋನಿಗೆ ನೈವೇದ್ಯವಾಗಬೇಕಲ್ಲ!

ಬೆಣ್ಣೆಯ ಉಂಡೆ ಬಿಸಿ ದೋಸೆಯ ಮೇಲೆ ಹೆಚ್ಚೆಂದರೆ ಒಂದು ನಿಮಿಷ ಗುಂಡಗಿರುತ್ತದೆ. ಅಷ್ಟರಲ್ಲಿ ಮೇಲಿಂದ ಒಂದು, ಪಕ್ಕದಿಂದ ಒಂದು, ಮುರಿಯುವ ಸದ್ದು ಕೇಳಿಸುವಂತೆ ಒಂದು ವಿಡಿಯೊ ಆಗಬೇಕು. ಒಳಗಿನ ಪಲ್ಯದ ಹಬೆಗೆ ದೋಸೆ ಮೆತ್ತಗಾಗಿ, ಮುರಿದರೆ ಸದ್ದೇ ಬರುವುದಿಲ್ಲ. ‘ಅಣ್ಣಾ, ಬೆಣ್ಣೆ ಕರಗೋಯ್ತು, ಇನ್ನೊಂದ್ ಚೂರು ಇಡ್ತೀರಾ? ತಿನ್ನೋಕಲ್ಲ, ಫೋಟೊಗೆ.’ ಅಣ್ಣ ಇಡುತ್ತಾನೆ. ಅದೂ ಕರಗುತ್ತದೆ. ಚಟ್ನಿಯ ಸುತ್ತ ನೀರು ಬಿಟ್ಟಿದೆ, ಕಾಫಿಗೆ ಕೆನೆ ಕಟ್ಟಿದೆ, ಹಿಂದೆ ಕುರ್ಚಿ ಹಿಡಿದು ನಿಂತವರ ಹೊಟ್ಟೆ ಮಾತಾಡುತ್ತಿದೆ. ಕೊನೆಗೆ ತಿಂದವರ ತೀರ್ಪು: ‘ರೀಲ್ಸ್‌ನಲ್ಲಿ ಕಂಡಷ್ಟು ಇಲ್ಲ ಬಿಡಿ.’

ಆ ರೀಲ್ಸ್ ಆದರೂ ಎಂಥದ್ದು? ‘ಯಾರಿಗೂ ಗೊತ್ತಿಲ್ಲದ ಹೋಟೆಲ್’ ಎಂದು ಹತ್ತು ಲಕ್ಷ ಜನಕ್ಕೆ ಕೂಗಿ ಹೇಳಿದ್ದು. ಗೊತ್ತಿದ್ದವರು ಅದೇ ಬೀದಿಯವರು. ಸ್ಟೀಲ್ ಡಬ್ಬಿ ಹಿಡಿದು ಪಾರ್ಸಲ್ಲಿಗೆ ಬಂದ ಹಿರಿಯರೊಬ್ಬರು ಸಾಲಿನ ಬಾಲ ನೋಡಿ, ತಮ್ಮ ಗೇಟಿಗೆ ಅಡ್ಡ ನಿಂತ ಕಾರನ್ನೂ ನೋಡಿ, ಮನೆಗೆ ಹೋಗಿ ಉಪ್ಪಿಟ್ಟು ಕಲಸಿಕೊಳ್ಳುತ್ತಾರೆ.

ಹನ್ನೊಂದೂ ಮುಕ್ಕಾಲು. ಹುಡುಗ ಒದ್ದೆ ಬಟ್ಟೆಯಿಂದ ಹಲಗೆಯ ಮೇಲಿದ್ದ ‘ದೋಸೆ’ ಅಳಿಸಿ, ‘ಊಟ 12.30’ ಎಂದು ಬರೆಯುತ್ತಾನೆ. ಸಾಲಿನ ಮುಂದಿದ್ದವರಿಗೆ ಎದೆ ಧಸಕ್ಕೆನ್ನುತ್ತದೆ.

‘ಹಾಗಾದ್ರೆ ಬ್ರಂಚ್‌ಗೆ ಏನಿದೆಯಪ್ಪಾ?’

ಹುಡುಗ ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಳ್ಳುತ್ತಾ, ‘ಬ್ರಂಚಾ? ಅದು ಬೆಳಗ್ಗೇನೇ ಖಾಲಿ ಆಯ್ತು ಸಾರ್.’