ರಫ್ ಪುಸ್ತಕಕ್ಕೂ ಅಂಕ ಸಿಗುವ ಕಡೆ

ದಾವಣಗೆರೆಯಲ್ಲಿ ಪಿಯುಸಿ ಸೈನ್ಸ್ ಓದಿದವರಿಗೆ ಒಂದು ವಿದ್ಯೆ ತಾನಾಗಿಯೇ ಒಲಿದಿರುತ್ತದೆ: ಮೊದಲು ಉತ್ತರ, ಆಮೇಲೆ ರೀಡಿಂಗ್. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವದ ‘ಜಿ’ ಬೆಲೆ 9.8ರ ಆಸುಪಾಸು ಬರಲೇಬೇಕು. ಬರಲಿಲ್ಲವೋ, ಹಿಂದಿನಿಂದ ಲೆಕ್ಕ ಹಾಕಿ ಸಮಯದ ಕಾಲಂ ತಿದ್ದಿದರಾಯಿತು. ನಂತರ ಎಲ್ಲವನ್ನೂ ರೆಕಾರ್ಡ್ ಬುಕ್ಕಿಗೆ ದುಂಡಗೆ ಇಳಿಸಿ ಸಹಿ ಹಾಕಿಸಿಕೊಳ್ಳಬೇಕು. ರಫ್ ಪುಸ್ತಕ ರದ್ದಿಗೆ ಹೋಗುತ್ತದೆ. ಹುಡುಗರದ್ದೇ ದೋಷ ಎನ್ನಲಾರೆ. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುವ ನೀಟ್ ತಲೆಯ ಮೇಲೆ ಕೂತಿರುವಾಗ ಲೋಲಕ ಯಾಕೆ ಹಾಗೆ ತೂಗಿತು ಎಂದು ಯೋಚಿಸಲು ಯಾರಿಗೆ ಪುರುಸೊತ್ತು?

ನಾನೀಗ ಅಹಮದಾಬಾದಿನಲ್ಲಿ ಡಿಸೈನ್ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಈ ವರ್ಷಕ್ಕೆ ಫೌಂಡೇಶನ್ ಅನ್ನುತ್ತಾರೆ. ತರಗತಿಗಿಂತ ಸ್ಟುಡಿಯೋ ಹೆಚ್ಚು, ಪುಸ್ತಕಕ್ಕಿಂತ ಕಟರ್, ಸ್ಟೀಲ್ ಸ್ಕೇಲು, ಫೆವಿಕಾಲ್ ಹೆಚ್ಚು. ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಕಲಸಿ ಮೆಟ್ಟಿಲು ಮೆಟ್ಟಿಲಾಗಿ ಹಚ್ಚುವುದು, ಹನ್ನೆರಡು ಬಣ್ಣಗಳ ಚಕ್ರ ಬರೆಯುವುದು, ಇಪ್ಪತ್ತು ತ್ರಿಕೋನಗಳನ್ನು ಅಂಟಿಸಿ ಒಂದು ಘನಾಕೃತಿ ಮಾಡುವುದು. ಮನೆಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದರೆ ದೊಡ್ಡಪ್ಪ, ‘ಇದನ್ನ ಆರನೇ ಕ್ಲಾಸಲ್ಲಿ ಕ್ರಾಫ್ಟ್ ಪಿರಿಯಡ್‌ನಾಗೆ ಮಾಡಿದ್ಯಲ್ಲೋ’ ಅನ್ನುತ್ತಾರೆ. ಮೇಲ್ನೋಟಕ್ಕೆ ಅವರ ಮಾತು ಸರಿಯೇ.

ವ್ಯತ್ಯಾಸ ಗೊತ್ತಾಗುವುದು ಜ್ಯೂರಿಯ ದಿನ, ಅಂದರೆ ನಮ್ಮ ಕೆಲಸವನ್ನು ಮುಂದಿಟ್ಟುಕೊಂಡು ಪರೀಕ್ಷಿಸುವ ದಿನ. ಮಾಡಿದ್ದನ್ನೆಲ್ಲ ಗೋಡೆಗೆ ಪಿನ್ ಮಾಡಿ ನಿಲ್ಲಬೇಕು. ಮೇಷ್ಟ್ರು ಕೊನೆಯ ಮಾಡೆಲ್ಲನ್ನು ಒಮ್ಮೆ ನೋಡಿ, ‘ಇದಕ್ಕೆ ಮೊದಲಿನವು ಎಲ್ಲಿ?’ ಎನ್ನುತ್ತಾರೆ. ಒಂದೇ ಹಾಳೆಯನ್ನು ಮಡಚಿ ಇಟ್ಟಿಗೆಯ ಭಾರ ಹೊರಿಸುವ ಪ್ರಾಜೆಕ್ಟಿನಲ್ಲಂತೂ ಕುಸಿದ ಮಾಡೆಲ್ಲುಗಳ ಮೇಲೇ ಹೆಚ್ಚು ಹೊತ್ತು ಮಾತು ನಡೆಯಿತು. ಯಾವ ಮಡಿಕೆ ಮೊದಲು ಸೋತಿತು, ಎಡಕ್ಕೆ ಯಾಕೆ ವಾಲಿತು? ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ, ಆ ದಿಕ್ಕಿಗೆ ಸಲೀಸಾಗಿ ಮಡಚುತ್ತದೆ, ಅಡ್ಡಕ್ಕೆ ಮುನಿಯುತ್ತದೆ ಎಂಬುದು ಕುಸಿದ ಹಾಳೆಯಿಂದಲೇ ತಿಳಿದದ್ದು. ನೆಟ್ಟಗೆ ನಿಂತವು ಆ ಗುಟ್ಟು ಬಿಡಲಿಲ್ಲ. ದಾವಣಗೆರೆಯ ಲ್ಯಾಬಿನಲ್ಲಿ ಯಾರಾದರೂ ಒಬ್ಬ ಮೇಷ್ಟ್ರು, ‘9.8 ಬರಲಿಲ್ವಾ? ಹಂಗೇ ಬರಿ, ಯಾಕೆ ಅಂತಾನೂ ಬರಿ’ ಎಂದಿದ್ದರೆ ನಮ್ಮ ಫಿಸಿಕ್ಸೇ ಬೇರೆಯಾಗಿರುತ್ತಿತ್ತು.

ಇಷ್ಟರವರೆಗೆ ಈ ಸ್ಟುಡಿಯೋ ಪದ್ಧತಿಯ ಪರ ಮಾತಾಡಿದೆ. ಇನ್ನು ಮುಂದೆ ಹಾಗಿಲ್ಲ.

ರಜೆಯಲ್ಲಿ ಊರಿಗೆ ಬಂದಾಗ ಚಳ್ಳಕೆರೆ ಕಡೆ ಕಂಬಳಿ ನೇಯುವ ಒಬ್ಬ ಹಿರಿಯರ ಮನೆಗೆ ಹೋಗಿದ್ದೆ. ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗ, ಪಕ್ಕದಲ್ಲಿ ಹುಣಸೆಬೀಜದ ಸರಿ, ಅಂದರೆ ಗಂಜಿ. ಬೀಜವನ್ನು ಪುಡಿ ಮಾಡಿ ಕುದಿಸಿದ ಆ ಸರಿಯನ್ನು ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಾಸಿನ ನೂಲಿಗೆ ಬಳಿದು ಒಣಗಿಸಿದರೆ ಒರಟು ಉಣ್ಣೆ ಬಿಗಿಯಾಗಿ ಮಗ್ಗದ ಏಟು ತಡೆಯುತ್ತದೆ. ಬಣ್ಣ ಕುರಿಯದೇ, ಕರಿ ಅಥವಾ ಕಂದು. ನನಗೆ ಜ್ಯೂರಿಯ ಚಟ. ‘ಅಜ್ಜಾ, ಕೆಟ್ಟುಹೋದ ಕಂಬಳಿ ಯಾವುದಾದ್ರೂ ಇಟ್ಟಿದೀರಾ?’ ಎಂದು ಕೇಳಿದೆ. ‘ಕೆಟ್ಟಿದ್ದು ಯಾಕ್ ಇಟ್ಕಂತಾರೋ ತಮ್ಮಾ? ಕಣ್ಣಿಗೆ ಬಿದ್ದ ಕೂಡ್ಲೇ ಬಿಚ್ಚಿ ಸರಿ ಮಾಡ್ತೀವಿ. ಉಣ್ಣೆ ಏನು ಬಿಟ್ಟಿ ಬತ್ತದಾ?’ ಎಂದರು.

ಸ್ಟುಡಿಯೋದಲ್ಲಿ ಯಾರೂ ಹೇಳದ ಮಾತು ಇದು. ನಮ್ಮ ಸೋಲುಗಳನ್ನು ಗೋಡೆಗೆ ತೂಗುಹಾಕಲು ಸಾಧ್ಯವಾಗಿರುವುದು ಯಾರೋ ಫೀಸು ಕಟ್ಟಿದ್ದಾರೆ ಎಂಬ ಕಾರಣಕ್ಕೆ. ಸಬ್ಮಿಷನ್ ಮುಗಿದ ರಾತ್ರಿ ಕಸದ ಡಬ್ಬಿಯ ತುಂಬ ಮಾಡೆಲ್ ಮಾಡುವ ಸನ್‌ಬೋರ್ಡ್, ದುಬಾರಿ ಹಾಳೆ. ತಮಾಷೆಯೆಂದರೆ ಈ ಕಾಗದದ ಪಾಠಕ್ಕೆ ದಾರಿ ತೋರಿದ ಜರ್ಮನಿಯ ಬೌಹೌಸ್ ಎಂಬ ಕಲೆ-ವಿನ್ಯಾಸದ ಶಾಲೆಯಲ್ಲಿ ಪರಿಸ್ಥಿತಿ ಉಲ್ಟಾ ಇತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ಶುರುವಾದ ಶಾಲೆ ಅದು. ಅಲ್ಲಿ ಯೋಸೆಫ್ ಆಲ್ಬರ್ಸ್ ಎಂಬ ಮೇಷ್ಟ್ರು ಹುಡುಗರಿಗೆ ಹಳೇ ಪತ್ರಿಕೆ ಕೊಟ್ಟು, ವ್ಯರ್ಥ ಮಾಡದೆ ಏನಾದರೂ ಮಾಡಿ ಎನ್ನುತ್ತಿದ್ದರು. ಆ ಅಭ್ಯಾಸದ ಮಡಿಕೆಗಳು ನಮ್ಮವರೆಗೂ ಬಂದವು, ಅದರ ಮಿತವ್ಯಯ ಬರಲಿಲ್ಲ.

ಅಜ್ಜನ ಬಳಿ ರಫ್ ಪುಸ್ತಕ ಇಲ್ಲ ಎಂದೂ ಅಲ್ಲ. ಹುಣಸೆಬೀಜದ ಸರಿ ಎಷ್ಟು ಗಟ್ಟಿ ಇರಬೇಕು, ಯಾವ ಬಿಸಿಲಿಗೆ ಒಣಗಿಸಬೇಕು ಎಂಬುದನ್ನು ಅವರ ಹಿಂದಿನವರು ಕೆಡಿಸಿ ಕೆಡಿಸಿಯೇ ಕಲಿತಿರಬೇಕು. ಗೋಡೆಗೆ ಪಿನ್ ಮಾಡಿಲ್ಲ, ಅಷ್ಟೆ. 1958ರಲ್ಲಿ ಭಾರತ ಸರ್ಕಾರಕ್ಕೆ ವರದಿ ಕೊಟ್ಟ ಅಮೆರಿಕದ ವಿನ್ಯಾಸಕರಾದ ಈಮ್ಸ್ ದಂಪತಿ ನಮ್ಮ ತಂಬಿಗೆಯನ್ನು ಹೊಗಳುತ್ತ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಅದು ಒಬ್ಬ ಮನುಷ್ಯ ಕೂತು ಮಾಡಿದ ವಿನ್ಯಾಸವಲ್ಲ. ಆ ವರದಿಯ ಬೆನ್ನಿಗೇ 1961ರಲ್ಲಿ ಇದೇ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ತಂಬಿಗೆಯ ಕತೆಯನ್ನು ಡಿಸೈನ್ ಓದುವವರೆಲ್ಲ ಕೇಳಿರುತ್ತಾರೆ. ತಂಬಿಗೆ ಬಡಿಯುವವರನ್ನು ಕಂಡವರು ಕಡಿಮೆ.

ನನ್ನ ದೊಡ್ಡ ತಕರಾರು ಬಿದಿರಿನದು. ಕೆಲವು ವಾರ ಬಿದಿರು, ಅದು ಕೈಗೆ ಹತ್ತುವಷ್ಟರಲ್ಲಿ ತಂತಿ, ತಂತಿ ಬಗ್ಗುವಷ್ಟರಲ್ಲಿ ಜೇಡಿಮಣ್ಣು. ಎಲ್ಲದರ ಪರಿಚಯವೂ ಆಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಕಡೆ ಮೇದಾರರು ಮೊರಕ್ಕೆ ದಬ್ಬೆ ಸೀಳುವುದನ್ನು ನೋಡಿ. ಬಿದಿರಿನ ಗಟ್ಟಿತನ ಇರುವುದು ಹೊರಸಿಪ್ಪೆಯ ಹತ್ತಿರ, ಒಳಗಿನ ತಿರುಳು ಮೆತ್ತಗೆ. ಕತ್ತಿ ಒಂದು ಪಕ್ಕಕ್ಕೆ ಜಾರುವ ಮೊದಲೇ ಅವರ ಬೆರಳು ಇನ್ನೊಂದು ಪಕ್ಕವನ್ನು ಅದುಮಿರುತ್ತದೆ. ಈ ಅದುಮುವಿಕೆ ನಮ್ಮ ಯಾವ ಪ್ರೆಸೆಂಟೇಶನ್ ಸ್ಲೈಡಿನಲ್ಲೂ ಇಲ್ಲ. ನಾವು ಮಾತ್ರ ಬಿದಿರಿನ ಬಗ್ಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡುತ್ತೇವೆ. ಮಾತು ಬಾರದ, ಕೈ ಚೆನ್ನಾಗಿರುವ ಹುಡುಗ ಜ್ಯೂರಿಯಲ್ಲಿ ಹಿಂದೆ ಬೀಳುವುದನ್ನು ಕಂಡಾಗಲೆಲ್ಲ ಸಿಟ್ಟು ಬರುತ್ತದೆ.

ಹಾಗೆಂದು ಊರಿನ ಜ್ಯೂರಿ ಮೃದು ಎಂದೇನೂ ತಿಳಿಯಬೇಡಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದರೆ ವ್ಯಾಪಾರಿ ಕಾರಣ ಕೇಳುವುದಿಲ್ಲ, ರೇಟು ಇಳಿಸುತ್ತಾನೆ. ಅಲ್ಲಿ ಪ್ರೊಸೆಸ್ಸಿಗೆ ಮಾರ್ಕ್ಸ್ ಇಲ್ಲ.

ನನ್ನನ್ನು ಕೇಳಿದರೆ ಮೊದಲ ವರ್ಷದ ಒಂದು ಇಡೀ ಸೆಮಿಸ್ಟರನ್ನು ಒಂದೇ ವಸ್ತುವಿಗೆ ಬಿಡಬೇಕು. ಬಿದಿರು ಹಿಡಿದವರನ್ನು ಮೇದಾರಕೇರಿಗೆ, ಉಣ್ಣೆ ಹಿಡಿದವರನ್ನು ಚಳ್ಳಕೆರೆಯಂಥ ಊರಿಗೆ ಕಳಿಸಬೇಕು. ಜ್ಯೂರಿಯಲ್ಲಿ ಆ ಕೆಲಸದವರೂ ಕೂರಬೇಕು, ನಡೆಯುವುದು ಅವರ ಭಾಷೆಯಲ್ಲೇ ಆಗಬೇಕು. ಅವರಿಗೆ ಆ ದಿನಗಳ ಕೂಲಿಯಲ್ಲ, ಬೇರೆ ಊರಿಂದ ಬರುವ ಪರೀಕ್ಷಕರಿಗೆ ಕೊಡುವಷ್ಟೇ ಸಂಭಾವನೆ, ಜೊತೆಗೆ ರೈಲಿನ ಟಿಕೆಟ್ಟು ಕೊಡಬೇಕು. ಇದನ್ನು ಫೀಡ್‌ಬ್ಯಾಕ್ ಫಾರಂನಲ್ಲಿ ಬರೆದುಕೊಟ್ಟಿದ್ದೇನೆ. ‘ಇಂಟರೆಸ್ಟಿಂಗ್’ ಅಂದರು.